ಮೂರನೇ ಗೇರು ಬೀಳದ ಲಾರಿ

ಲಾರಿ ಮೂರನೇ ಗೇರಿಗೆ ಬೀಳಬಾರದಿತ್ತು. ಬಿತ್ತು.

ಅದು ಸಂಧ್ಯಾರಾಣಿಯ ಕಿವಿಗಿಂತ ಮೊದಲು ಬೆನ್ನಿಗೆ ಗೊತ್ತಾಯಿತು. ಒಂದೇ ಸಮನೆ ಒರಲುತ್ತಿದ್ದ ಎಂಜಿನ್ನು ಉಸಿರು ಬಿಟ್ಟಂತೆ ದನಿ ತಗ್ಗಿಸಿತು. ಲಾರಿ ಸಲೀಸಾಗಿ ಮುಂದಕ್ಕೆ ಜಾರಿತು. ಕಿಟಕಿಯಾಚೆ ಭತ್ತದ ಗದ್ದೆಗಳು ಸರಸರನೆ ಹಿಂದೆ ಓಡತೊಡಗಿದವು.

“ಬಿತ್ತಲ್ರೀ ಮೇಡಂ,” ಎಂದ ಸತೀಶ್ ಕುಮಾರ್. ಹೊನ್ನಾಳಿಯ ಲಾರಿ ಯಾರ್ಡಿನ ಮ್ಯಾನೇಜರ್ ಅವನು. ಯಜಮಾನರ ಅಪ್ಪಣೆಯಂತೆ ಕಿಟಕಿ ಪಕ್ಕ ಕೂತು ಎಲ್ಲವನ್ನೂ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳುತ್ತಿದ್ದ. “ಶುಕ್ರವಾರ ಪೊಲೀಸ್ನೋರು ಓಂಕಾರನ ಕೈಲೇ ಓಡಿಸಿ ನೋಡಿದಾಗ್ಲೂ ಹಿಂಗೇ ಬಿದ್ದಿತ್ತು. ಓಂಕಾರ ಸುಳ್ಳು ಹೇಳ್ಯಾನೆ, ಇನ್ನೇನೈತೆ?”

ಗುರುವಾರ ಮುಸ್ಸಂಜೆ ಗೋವಿನಕೋವಿಯ ಹತ್ತಿರ ಯಾರ್ಡಿನ ಹಿರಿಯ ಮೆಕ್ಯಾನಿಕ್ ಹಾಲೇಶಪ್ಪನಿಗೆ ಗುದ್ದಿ ಓಡಿದ ಆರೋಪ ಈ ಲಾರಿಯ ಡ್ರೈವರ್ ಓಂಕಾರನ ಮೇಲಿತ್ತು. “ಆ ಹೊತ್ತಿಗೆ ನಾನು ಜಗಳೂರಿನಿಂದ ಎರಡನೇ ಗೇರಿನಲ್ಲೇ ತೆವಳುತ್ತ ಬರುತ್ತಿದ್ದೆ, ಮೂರನೇ ಗೇರು ಬೀಳುತ್ತಲೇ ಇರಲಿಲ್ಲ” ಎಂಬುದೊಂದೇ ಅವನು ಹೇಳಿಕೊಳ್ಳಬಹುದಾದ ಮಾತಾಗಿತ್ತು.

ಆ ಮಾತನ್ನು ಈಗ ಲಾರಿಯೇ ಸುಳ್ಳು ಮಾಡುತ್ತಿತ್ತು.

ಸ್ಟೇರಿಂಗ್ ಹಿಡಿದಿದ್ದವನು ಗುರುಸ್ವಾಮಿ, ಓಂಕಾರನ ಮಾವ. ಸೇನೆಯ ವರ್ಕ್‌ಶಾಪಿನಲ್ಲಿ ಹವಾಲ್ದಾರನಾಗಿದ್ದು ನಿವೃತ್ತನಾದವನು. ಕ್ಲಚ್ಚಿಲ್ಲದ, ತಾನೇ ತಾನಾಗಿ ಗೇರು ಬದಲಿಸಿಕೊಳ್ಳುವ ಈ ಹಳೇ ಮಿಲಿಟರಿ ಲಾರಿಯನ್ನು ಬಲ್ಲವರು ಈ ಸೀಮೆಯಲ್ಲಿ ಮೂವರೇ ಎಂದು ಜನ ಹೇಳುತ್ತಿದ್ದರು. ಓಂಕಾರ ಜೈಲಿನಲ್ಲಿದ್ದ. ಹಾಲೇಶಪ್ಪ ದಾವಣಗೆರೆಯ ಆಸ್ಪತ್ರೆಯಲ್ಲಿ ಕಣ್ಣು ಬಿಡದೆ ಮಲಗಿದ್ದ. ಉಳಿದವನು ಗುರುಸ್ವಾಮಿ. ಆರೋಪಿಯ ಮಾವ ಎಂಬ ಅಳುಕಿದ್ದರೂ ಸಂಧ್ಯಾರಾಣಿ ಅವನನ್ನೇ ಕರೆಸಬೇಕಾಯಿತು.

“ಇದೇ ಜಾಗ ಮೇಡಂ,” ಸತೀಶ್ ಕುಮಾರ್ ಕೈ ಚಾಚಿದ. “ಸುದ್ದಿ ತಿಳಿದ ಕೂಡ್ಲೇ ಮೊದಲು ಬಂದೋನು ನಾನೇ.”

ರಸ್ತೆಯ ಬದಿಯ ಕೆಸರು ಒಣಗಿತ್ತು. ಅದರಲ್ಲಿ ದಪ್ಪ ಟೈರಿನ ಗುರುತು ಇನ್ನೂ ಅಚ್ಚೊತ್ತಿದಂತೆ ಇತ್ತು, ಬಾಣದ ಮೊನೆಗಳನ್ನು ಸಾಲಾಗಿ ಜೋಡಿಸಿದ ಹಾಗೆ. ಅಂಥ ಟೈರು ಸುತ್ತಮುತ್ತಲಲ್ಲಿ ಬೇರಾವ ಗಾಡಿಗೂ ಇಲ್ಲವೆಂದು ಎಲ್ಲರೂ ನಂಬಿದ್ದರು. ಪೊಲೀಸರಿಗೆ ಅಷ್ಟು ಸಾಕಾಗಿತ್ತು. ಅಪಘಾತದ ಹಿಂದಿನ ದಿನವಷ್ಟೇ, ಸಿಕ್ಕಿಬಿದ್ದ ಬೋರ್‌ವೆಲ್ ಲಾರಿ ಎಳೆಯಲು ಜಗಳೂರಿಗೆ ಯಾರು ಹೋಗಬೇಕು ಎಂಬ ವಿಷಯಕ್ಕೆ ಓಂಕಾರನೂ ಹಾಲೇಶಪ್ಪನೂ ಯಾರ್ಡಿನಲ್ಲಿ ಜೋರಾಗಿ ಮಾತಾಡಿಕೊಂಡಿದ್ದನ್ನು ಎಲ್ಲರೂ ಕೇಳಿದ್ದರು.

“ತಿರುಗಿಸ್ರಿ ಗುರುಸ್ವಾಮಿಯವರೇ,” ಎಂದಳು ಸಂಧ್ಯಾರಾಣಿ. “ಯಾರ್ಡಿಗೆ ಹೋಗಾಣ.”

ಗುರುಸ್ವಾಮಿ ಲಾರಿ ತಿರುಗಿಸಿದ. ಬೆಳಿಗ್ಗೆ ಹೊರಡುವಾಗ ಸೇನೆಯ ಕಥೆಗಳನ್ನು ಬಾಯ್ತುಂಬ ಹೇಳುತ್ತಿದ್ದ ಮನುಷ್ಯ ಮೂರನೇ ಗೇರು ಬಿದ್ದಾಗಿನಿಂದ ತುಟಿ ಬಿಚ್ಚಿರಲಿಲ್ಲ. ಅಳಿಯನ ಬಿಡುಗಡೆಯ ಆಸೆ ಮುರಿದುಬಿತ್ತೆಂಬ ಸಂಕಟವಿರಬೇಕು ಎಂದುಕೊಂಡಳು ಅವಳು.

ಸಂಧ್ಯಾರಾಣಿ ಚನ್ನಗಿರಿಯವಳು. ಆಟೋಮೊಬೈಲ್ ಡಿಪ್ಲೊಮಾ ಮುಗಿಸಿ ವಿಮೆ ಕಂಪನಿಗಳಿಗೆ ವಾಹನ ಸರ್ವೇಯರ್ ಆಗಿ ದುಡಿಯುತ್ತಿದ್ದಳು. ಅಪಘಾತವೋ, ಬೇಕೆಂದೇ ಮಾಡಿದ್ದೋ ಎಂದು ಬರೆದು ಕೊಡುವುದಷ್ಟೇ ಅವಳ ಕೆಲಸ. ಆದರೆ ಈ ಸಲ ಅವಳ ವರದಿಗಾಗಿ ಓಂಕಾರನ ವಕೀಲರೂ ಕಾಯುತ್ತಿದ್ದರು. ನಾಳೆ ಜಾಮೀನಿನ ಅರ್ಜಿ ಕೋರ್ಟಿಗೆ ಬರುವುದಿತ್ತು. ಅಷ್ಟರಲ್ಲಿ ಹಾಲೇಶಪ್ಪನಿಗೆ ಹೆಚ್ಚುಕಮ್ಮಿಯಾದರೆ ಕೊಲೆಯ ಕೇಸೇ ಆಗುತ್ತಿತ್ತು.

ಅವಳು ಓಂಕಾರನನ್ನು ಜೈಲಿನಲ್ಲಿ ಒಮ್ಮೆ ಕಂಡು ಮಾತಾಡಿಸಿದ್ದಳು. ತಡಬಡಿಸದ, ಬಣ್ಣ ಕಟ್ಟದ ಮಾತು. “ಎಕ್ಸಿಲೇಟರ್ ಎಷ್ಟು ತುಳಿದ್ರೂ ಬರೇ ಒದರ್ತಿತ್ತು ಮೇಡಂ. ಹಿಂದಿನ ಗಾಡಿಯೋರೆಲ್ಲ ಹಾರ್ನ್ ಹೊಡೆದು ಹೊಡೆದು ಬೈಕೊಂಡು ಹೋದ್ರು. ಹೊನ್ನಾಳಿ ಮುಟ್ಟೋ ಹೊತ್ತಿಗೆ ಅಂಗಡಿ ಬಾಗ್ಲು ಹಾಕಿದ್ವು.” ಸುಳ್ಳು ಹೇಳುವವರು ಹಾರ್ನ್ ಹೊಡೆದವರ ಸುದ್ದಿ ಎತ್ತುವುದಿಲ್ಲ ಎಂದು ಅವಳಿಗೆ ಅನ್ನಿಸಿತ್ತು. ಅನ್ನಿಸಿದ್ದನ್ನು ವರದಿಯಲ್ಲಿ ಬರೆಯುವ ಹಾಗಿರಲಿಲ್ಲ.

ಯಾರ್ಡಿಗೆ ಬಂದು ಲಾರಿ ನಿಲ್ಲಿಸಿದರು. ಹಳ್ಳಕ್ಕೆ ಬಿದ್ದ ಗಾಡಿಗಳನ್ನು ಎಳೆದು ತರುವ ಯಾರ್ಡು ಅದು. ಸುತ್ತ ಮುರುಕು ಲಾರಿ, ಚಪ್ಪಟೆಯಾದ ಕಾರುಗಳು. ಅವುಗಳ ನಡುವೆ ಈ ಮಿಲಿಟರಿ ಲಾರಿ ಹಸಿರು ಗುಡ್ಡದಂತೆ ನಿಂತಿತ್ತು.

“ಎಂಜಿನ್ ಬಂದ್ ಮಾಡಬ್ಯಾಡ್ರಿ,” ಎಂದಳು ಸಂಧ್ಯಾರಾಣಿ. “ನ್ಯೂಟ್ರಲ್‌ನಾಗೆ ಬಿಡ್ರಿ. ಆಯಿಲ್ ನೋಡಾಣ.”

ಈ ಗೇರ್ ಬಾಕ್ಸು ಗೇರು ಬದಲಿಸುವುದೇ ಆಯಿಲ್ಲಿನ ಒತ್ತಡದಿಂದ. ಕಾದಾಗ, ಎಂಜಿನ್ ಓಡುತ್ತಿರುವಾಗ ಅಳೆದರೇ ಅದರ ಲೆಕ್ಕ ಸರಿ. ಗುರುಸ್ವಾಮಿ ಅಳತೆಯ ಕಡ್ಡಿ ಎಳೆದು ಒರೆಸಿ, ಮತ್ತೆ ಅದ್ದಿ ಎತ್ತಿದ.

“ಇಲ್ನೋಡ್ರಿ!” ಅವನಿಗೆ ಹಳೆಯ ಹುಮ್ಮಸ್ಸು ಮರಳಿತು. “ಒಂದು ಬೆರಳು ಕಮ್ಮಿ ಐತೆ. ಆಯಿಲ್ ಕಮ್ಮಿ ಆದ್ರೆ ಒಂದೊಂದು ಸಲ ಗೇರು ಬೀಳಲ್ಲ, ತಣ್ಣಗಾದ್ಮೇಲೆ ಬೀಳ್ತತೆ. ಇಷ್ಟೇ ರೋಗ. ಇದನ್ನೇ ಬರೀರಿ ಮೇಡಂ.”

ಸಂಧ್ಯಾರಾಣಿ ಕಡ್ಡಿಯನ್ನು ಮೂಗಿನ ಹತ್ತಿರ ತಂದಳು. ಕೆಂಪಗೆ ಇರಬೇಕಾದ ಆಯಿಲ್ ಕಂದಾಗಿತ್ತು. ಸೀದ ವಾಸನೆ.

“ಇಷ್ಟು ಕಮ್ಮಿ ಆದ್ರೆ ಜಾರಬಹುದು, ತಡವಾಗಿ ಬೀಳಬಹುದು. ಜಗಳೂರಿಂದ ಹೊನ್ನಾಳಿವರೆಗೂ ಒಂದೇ ಗೇರಿನಾಗೆ ಕಟ್ಟಿ ಹಾಕಲ್ಲ,” ಎಂದಳು. “ಆದ್ರೆ ಸೀದಿದೆ, ಅದು ನಿಜ. ಕೆಳಗಿನ ಗೇರಿನಾಗೆ ಬಾಳ ಹೊತ್ತು ಓಡಿದ್ರೆ ಹಿಂಗೆ ಸೀಯ್ತದೆ.”

“ಜಗಳೂರಿನಾಗೆ ಬೋರ್‌ವೆಲ್ ಲಾರಿ ಎಳೆದಾಗ್ಲೂ ಸೀದಿರಬಹುದಲ್ರೀ,” ಸತೀಶ್ ಕುಮಾರ್ ಮೊಬೈಲಿನ ಹಿಂದಿನಿಂದಲೇ ಹೇಳಿದ.

ಅದೂ ನಿಜವೇ. ಅವಳು ತಲೆಯಾಡಿಸಿದಳು.

ಆಮೇಲೆ ಕೇಬಲ್ ನೋಡಿದಳು. ಎಕ್ಸಿಲೇಟರಿನಿಂದ ಗೇರ್ ಬಾಕ್ಸಿಗೆ ಹೋಗುವ ತಂತಿ ಅದು. ಗುರುಸ್ವಾಮಿ ಮೇಲೆ ಕೂತು ಪೆಡಲು ತುಳಿದ. ಅವಳು ಕೆಳಗೆ ಚಾಪೆಯ ಮೇಲೆ ಮಲಗಿ ತಂತಿ ಎಷ್ಟು ಎಳೆಯುತ್ತದೆ ಎಂದು ಬೆರಳಿಟ್ಟು ನೋಡಿದಳು. ಸಡಿಲವೂ ಇಲ್ಲ, ಬಿಗಿಯೂ ಇಲ್ಲ. ಗೇರಿನ ಹಿಡಿಕೆಯ ಸರಳುಗಳೂ ಅವವುಗಳ ಜಾಗದಲ್ಲಿ ಟಕ್ ಟಕ್ ಎಂದು ಕೂರುತ್ತಿದ್ದವು.

ಎಂಜಿನ್ ನಿಲ್ಲಿಸಲು ಹೇಳಿದಳು. ಟಾರ್ಚು ಹಿಡಿದು ಇನ್ನೂ ಒಳಗೆ ತೆವಳಿದಳು.

ಗೇರ್ ಬಾಕ್ಸಿನ ಹೊಟ್ಟೆಯ ತುಂಬ ಬೂದಿಯ ಬಣ್ಣದ ಪುಡಿ ಮೆತ್ತಿತ್ತು. ನಿನ್ನೆ ಜಗಳೂರಿನ ಹೊಲದಲ್ಲಿ ಅದೇ ಪುಡಿಯ ಗುಡ್ಡೆಯನ್ನು ಅವಳು ಕಣ್ಣಾರೆ ಕಂಡಿದ್ದಳು. ಬೋರ್ ಕೊರೆಯುವಾಗ ಕಲ್ಲು ನುಣ್ಣಗಾಗಿ ಹೊರಗೆ ಹಾರುವ ಪುಡಿ. ಅಲ್ಲಿನ ಬೋರ್‌ವೆಲ್ ಏಜೆಂಟ್ ತಿಪ್ಪೇರುದ್ರಸ್ವಾಮಿ ನಗುತ್ತ ಹೇಳಿದ್ದರು: “ನಮ್ಮ ಗಾಡಿ ಎಳೆಯೋವಾಗ ಪಕ್ಕದಾಗೇ ಇನ್ನೊಂದು ಬೋರ್ ಹೊಡೀತಿದ್ವಿ. ಊಟ ಮುಗಿಸಿ ಓಂಕಾರ ಹೊರಡೋ ಹೊತ್ತಿಗೆ ಆ ಲಾರಿ ಮೈತುಂಬ ವಿಭೂತಿ ಬಳ್ಕೊಂಡಂಗಿತ್ತು.”

ಪುಡಿ ಆಯಿಲ್ಲಿಗೆ ಅಂಟಿ, ಬಿಸಿಗೆ ಗಾರೆಯಂತೆ ಗಟ್ಟಿಯಾಗಿತ್ತು. ಅವಳು ಟಾರ್ಚಿನ ಬೆಳಕನ್ನು ಅಂಗುಲ ಅಂಗುಲವಾಗಿ ಸರಿಸಿದಳು. ಹಿಂಭಾಗದಲ್ಲಿ, ಬಲಕ್ಕೆ, ಅಂಗೈಯಗಲದ ಒಂದು ದುಂಡು ಮುಚ್ಚಳವಿತ್ತು. ಅಲ್ಲಿ ಬೆಳಕು ನಿಂತಿತು.

ಎಲ್ಲ ಕಡೆ ಬೂದಿ. ಆ ಮುಚ್ಚಳದ ಮೇಲೆ ಮಾತ್ರ ಬೂದಿಯಿಲ್ಲ.

ಯಾರೋ ಅದಕ್ಕೆ ಕಪ್ಪು ಗ್ರೀಸು ಬಳಿದಿದ್ದರು. ಅಂಚಿನಲ್ಲಿ, ಆಯಿಲ್ ಸೋರದಂತೆ ಹೊಸದಾಗಿ ಹಾಕಿದ ನೀಲಿ ಪೇಸ್ಟು ಇಣುಕುತ್ತಿತ್ತು. ಬೋಲ್ಟುಗಳ ತಲೆಯ ಮೇಲೆ ಪಾನಾ ಕಚ್ಚಿದ ಹೊಳೆಯುವ ಗೆರೆ.

ಜಗಳೂರಿನ ಪುಡಿ ಮೆತ್ತಿದ್ದು ಗುರುವಾರ. ಅಂದರೆ ಈ ಮುಚ್ಚಳ ಬಿಚ್ಚಿದ್ದು ಗುರುವಾರದ ಆಮೇಲೆ.

“ಗುರುಸ್ವಾಮಿಯವರೇ, ಗವರ್ನರ್ ಇರೋದು ಇದರೊಳಗೇ ಅಲ್ವಾ?”

ಮೇಲೆ ಸೀಟಿನ ಸ್ಪ್ರಿಂಗು ಕಿರುಗುಟ್ಟಿತು. ಅವಳು ಮತ್ತೆ ಕೇಳಿದಳು.

“ಹೌದ್ರಿ,” ಎಂದ ಅವನು ಕೊನೆಗೆ.

“ಅದು ಏನು ಮಾಡ್ತತೆ?” ಎಂದು ಕೇಳಿದ ಸತೀಶ್ ಕುಮಾರ್.

ಸಂಧ್ಯಾರಾಣಿ ಹೊರಗೆ ಬಂದು ಎದ್ದು ಕೂತು ಹೇಳಿದಳು. “ಈ ಗೇರ್ ಬಾಕ್ಸಿಗೆ ಎರಡು ಸುದ್ದಿ ಮುಟ್ಟಬೇಕು. ಡ್ರೈವರ್ ಕಾಲು ಎಷ್ಟು ಒತ್ಯಾನೆ ಅನ್ನೋದನ್ನ ಕೇಬಲ್ ಹೇಳ್ತದೆ. ಗಾಡಿ ಎಷ್ಟು ಜೋರು ಓಡ್ತಾ ಐತೆ ಅನ್ನೋದನ್ನ ಗವರ್ನರ್ ಹೇಳ್ತದೆ. ಗವರ್ನರ್ ಒಳಗೆ ಕಸ ಸಿಕ್ಕಿ ಹಿಡ್ಕೊಂಡ್ರೆ, ಗಾಡಿ ಇನ್ನೂ ನಿಧಾನ ಐತೆ ಅಂತಲೇ ಗೇರ್ ಬಾಕ್ಸು ತಿಳ್ಕೊಳ್ತದೆ. ಎಷ್ಟು ತುಳಿದ್ರೂ ಮೇಲಿನ ಗೇರಿಗೆ ಹೋಗಲ್ಲ.”

“ಅಂದ್ರೆ ಓಂಕಾರ ಹೇಳಿದ್ದು...”

“ಓಂಕಾರ ಹೇಳಿದ ರೋಗ ಇದೇ. ಯಾರೋ ಅದನ್ನ ವಾಸಿ ಮಾಡಿ ಮುಚ್ಚಳ ಹಾಕ್ಯಾರೆ.” ಅವಳು ಬ್ಯಾಗಿನಿಂದ ಪಾನಾ ತೆಗೆದಳು. “ಬಿಚ್ತೀನಿ. ವಿಡಿಯೋ ನಿಲ್ಲಿಸಬ್ಯಾಡ್ರಿ.”

“ಬ್ಯಾಡ ಮೇಡಂ.”

ಗುರುಸ್ವಾಮಿ ಕೆಳಗಿಳಿದು ಬಂದು ಅವಳ ಎದುರು ಕುಕ್ಕರಗಾಲಿನಲ್ಲಿ ಕೂತಿದ್ದ. ಮುಖ ಬೆವರಿತ್ತು.

“ಯಾಕೆ?”

“ಅದು... ಪ್ಯಾಕಿಂಗ್ ಹಾಳಾದ್ರೆ ಮತ್ತೆ ಸಿಗಲ್ಲ. ಆಯಿಲ್ ಎಲ್ಲ ಸೋರಿ ಹೋಗ್ತತೆ. ನೋಡಿದ್ದು ಸಾಕು ಬಿಡ್ರಿ. ಪೇಸ್ಟಿನ ಫೋಟೋ ಹೊಡ್ಕೊಳ್ರಿ.”

ಸಂಧ್ಯಾರಾಣಿ ಅವನನ್ನು ಒಂದು ಗಳಿಗೆ ನೋಡಿದಳು. ಈ ಮುಚ್ಚಳ ಬಿಚ್ಚಿದರೆ ಅವನ ಅಳಿಯ ಬದುಕಿಕೊಳ್ಳುತ್ತಾನೆ. ಅಳಿಯನಿಗಾಗಿ ಊಟ ನಿದ್ದೆ ಬಿಟ್ಟ ಮಾವ, ಬೇಡ ಎನ್ನುತ್ತಿದ್ದಾನೆ. ಅಂಜಿಕೆ ಆಯಿಲ್ ಸೋರುವುದಕ್ಕಲ್ಲ ಎಂದು ಅವಳಿಗೆ ಅರ್ಥವಾಯಿತು. ಆದರೆ ಯಾವುದಕ್ಕೆ ಎಂದು ಆಗಲಿಲ್ಲ.

“ಸೋರಿದ್ರೆ ತುಂಬಿಸಾಣ,” ಎಂದಳು ಮೆಲ್ಲಗೆ, ಮತ್ತೆ ಲಾರಿಯ ಕೆಳಗೆ ಸರಿದಳು.

ಬೋಲ್ಟುಗಳು ಬೇಗ ಸಡಿಲಾದವು. ಹಳೇ ಲಾರಿಯ ಬೋಲ್ಟು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಇವು ಈಚೆಗೆ ಕೈ ಕಂಡಿದ್ದವು. ಮುಚ್ಚಳದ ಜೊತೆಗೇ ಗವರ್ನರ್ ಜಾರಿ ಬಂತು. ಒಂದು ಗೇಣಿಗಿಂತ ಚಿಕ್ಕದು, ತುದಿಯಲ್ಲಿ ಹಲ್ಲಿನ ಚಕ್ರ, ನಡುವೆ ಎರಡು ಪುಟ್ಟ ತೂಕದ ಗುಂಡುಗಳು. ಬೆರಳಿನಿಂದ ತಳ್ಳಿದಳು. ಒಳಗಿನ ಕವಾಟ ಬೆಣ್ಣೆಯಲ್ಲಿ ಜಾರಿದಂತೆ ಆಡಿತು. ಎಲ್ಲೂ ಕಸವಿಲ್ಲ, ಕಚ್ಚಿದ ಕಲೆಯಿಲ್ಲ.

ಅವಳು ವೇಸ್ಟು ಬಟ್ಟೆಯಿಂದ ಮುಚ್ಚಳದ ಗ್ರೀಸು ಒರೆಸಿದಳು. ಒರೆಸಿದ ಕಡೆ ಬಣ್ಣ ಕಾಣಿಸಿತು. ಇನ್ನೂ ಒರೆಸಿದಳು.

ಈ ಲಾರಿಯ ಮೈಯೆಲ್ಲ ಹಸಿರು. ಎಂಜಿನ್ನು ಹಸಿರು, ಚಾಸಿ ಹಸಿರು, ಗೇರ್ ಬಾಕ್ಸಿನ ಒಂದೊಂದು ಮೂಲೆಯೂ ಹಸಿರು. ಮುಚ್ಚಳ ಮಾತ್ರ ಮರಳಿನ ಬಣ್ಣ. ಮರಳುಗಾಡಿನಲ್ಲಿ ಓಡುವ ಮಿಲಿಟರಿ ಗಾಡಿಗಳಿಗೆ ಹೊಡೆಯುವ ಬಣ್ಣ.

ಸಂಧ್ಯಾರಾಣಿ ಕೆಳಗೆ ಮಲಗಿಕೊಂಡೇ ಮುಚ್ಚಳವನ್ನು ಹೊರಳಿಸಿ ನೋಡಿದಳು. ಮೇಲೆ ಯಾರ್ಡಿನ ತಗಡಿನ ಮೇಲೆ ಕಾಗೆಯೊಂದು ನಡೆದಾಡುವ ಸದ್ದು ಕೇಳುತ್ತಿತ್ತು. ಕೆಟ್ಟ ಗವರ್ನರನ್ನು ಯಾರೂ ಸ್ವಚ್ಛ ಮಾಡಿರಲಿಲ್ಲ. ಮುಚ್ಚಳದ ಸಮೇತ ಬೇರೆಯದನ್ನೇ ತಂದು ಹಾಕಿದ್ದರು. ಇಂಥ ಸಾಮಾನು ಅಂಗಡಿಯಲ್ಲಿ ಸಿಗುವುದಲ್ಲ. ಇಂಥದೇ ಇನ್ನೊಂದು ಲಾರಿಯ ಹೊಟ್ಟೆಯಿಂದ ಬಿಚ್ಚಿ ತರಬೇಕು.

ಇಂಥದೇ ಇನ್ನೊಂದು ಲಾರಿ. ಇಂಥದೇ ಟೈರು.

“ಸತೀಶ್ ಕುಮಾರ್,” ಅವಳು ಹೊರಗೆ ಬಂದು ಕೈ ಒರೆಸಿಕೊಂಡಳು. “ನಿಮ್ಮ ಯಜಮಾನರಿಗೆ ಫೋನ್ ಮಾಡ್ರಿ. ಒಂದ್ಸಲ ಬಂದು ಹೋಗಾಕೆ ಹೇಳ್ರಿ.”

ಯಾರ್ಡಿನ ಯಜಮಾನ ಮಹೇಶ್ವರಪ್ಪ ಚನ್ನಗಿರಿಯಿಂದ ಬರುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಕಾರಿನಿಂದ ಇಳಿದು, ಬಿಳಿ ಅಂಗಿಯ ತೋಳು ಸರಿಮಾಡಿಕೊಂಡು, ನೆರಳಿನಲ್ಲಿ ಹಾಕಿದ್ದ ಕುರ್ಚಿಯ ಮೇಲೆ ಕೂತರು. ಹಣೆಯ ವಿಭೂತಿ ಬೆವರಿಗೂ ಅಳಿಸಿರಲಿಲ್ಲ. ಮೊದಲು ಕೇಳಿದ್ದು ಹಾಲೇಶಪ್ಪನ ಸುದ್ದಿ.

“ಆಸ್ಪತ್ರೆಯಿಂದ ಏನಾರ ಗೊತ್ತಾತೇನಮ್ಮ?”

“ಹಂಗೇ ಅದಾರಂತೆ. ಕಣ್ಣು ಬಿಟ್ಟಿಲ್ಲ.”

ಅವರು ನಿಟ್ಟುಸಿರಿಟ್ಟರು. ಸಂಧ್ಯಾರಾಣಿ ಎದುರಿಗೆ ಸ್ಟೂಲು ಎಳೆದುಕೊಂಡು ಕೂತಳು. ಗುರುಸ್ವಾಮಿ ಲಾರಿಯ ಗಾಲಿಗೆ ಒರಗಿ ನಿಂತಿದ್ದ. ಸತೀಶ್ ಕುಮಾರ್ ಇನ್ನೂ ಮೊಬೈಲ್ ಹಿಡಿದೇ ಇದ್ದ.

“ಗುರುವಾರದಿಂದ ಈಚೆಗೆ ಈ ಲಾರಿಗೆ ರಿಪೇರಿ ಮಾಡ್ಸಿದ್ರಾ ಮಹೇಶ್ವರಪ್ಪನವರೇ?”

“ಇಲ್ಲ.”

“ಬೇರೆ ಯಾರಾದ್ರೂ ಮುಟ್ಯಾರಾ?”

“ನನಗೆ ತಿಳಿದಂಗೆ ಇಲ್ಲ.”

“ನಿಮ್ಮ ಹತ್ರ ಇಂಥ ಲಾರಿ ಎಷ್ಟು ಅದಾವೆ?”

“ಒಂದೇ.”

ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಮಹೇಶ್ವರಪ್ಪ ಮಂಡಿಯಲ್ಲಿ ಬೆಳೆದ ವ್ಯಾಪಾರಸ್ಥರು. ಕೇಳಿದ್ದಕ್ಕಷ್ಟೇ ಉತ್ತರ, ಒಂದು ಮಾತು ಹೆಚ್ಚಿಲ್ಲ. ಅವಳಿಗೆ ಅದು ಹೊಳೆಯಲು ತುಸು ಹೊತ್ತು ಹಿಡಿಯಿತು. ತಪ್ಪು ಉತ್ತರದಲ್ಲಿರಲಿಲ್ಲ, ತನ್ನ ಪ್ರಶ್ನೆಯಲ್ಲಿತ್ತು.

ಮುಚ್ಚಳವನ್ನು ಅವರ ಕೈಗೆ ಕೊಟ್ಟಳು. “ಮಿಲಿಟರಿಯೋರ ಹರಾಜಿನಾಗೆ ನೀವು ಇಂಥವು ತಂದಿದ್ದು ಎಷ್ಟು?”

ಅವರು ಮುಚ್ಚಳವನ್ನು ತಿರುಗಿಸಿ ನೋಡಿದರು. ಆ ಬಣ್ಣದ ಮೇಲೆ ಹೆಬ್ಬೆರಳಾಡಿಸಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಎರಡು,” ಎಂದರು.

“ಇದನ್ನ ಪೊಲೀಸರಿಗೆ ಹೇಳ್ಲಿಲ್ವಲ್ಲ?”

“ಅವರು ಕೇಳ್ಲಿಲ್ಲ ತಾಯಿ. ಈ ಲಾರಿ ನಿಮ್ದಾ ಅಂದ್ರು, ಹೌದು ಅಂದೆ. ಎರಡನೇದರ ಎಂಜಿನ್ನು ಆಗ್ಲೇ ಸತ್ತಿತ್ತು. ಬರೇ ಸ್ಪೇರು ಪಾರ್ಟಿಗೆ ಅಂತ ಮಾರಿಬಿಟ್ಟೆ. ಅದು ಮತ್ತೆ ಎದ್ದು ಓಡಾಡ್ತತೆ ಅಂತ ನನಗೇನು ಗೊತ್ತು?”

“ಯಾರಿಗೆ ಮಾರಿದ್ರಿ?”

ಈಗ ಮೊದಲ ಸಲ ಮಹೇಶ್ವರಪ್ಪನವರ ಮುಖದಲ್ಲಿ ಅಚ್ಚರಿ ಕಂಡಿತು. ಅವಳನ್ನು ನೋಡಿದರು, ಅವಳ ಹಿಂದೆ ನೋಡಿದರು.

“ನಿಮಗೆ ಹೇಳಿಲ್ವಾ? ಬೆಳಿಗ್ಗೆಯಿಂದ ನಿಮ್ಮ ಜೊತೇಲೇ ಅದಾರಲ್ಲ. ನಮ್ಮ ಗುರುಸ್ವಾಮಿಯೋರಿಗೇ.”

ಸಂಧ್ಯಾರಾಣಿ ನಿಧಾನವಾಗಿ ತಿರುಗಿದಳು. ಗುರುಸ್ವಾಮಿ ತಲೆ ತಗ್ಗಿಸಿ ತನ್ನ ಅಂಗೈಗಳನ್ನೇ ನೋಡಿಕೊಳ್ಳುತ್ತಿದ್ದ. ಬೆಳಿಗ್ಗೆಯಿಂದ ಆಯಿಲ್ ಎಂದಿದ್ದ, ಫೋಟೋ ಸಾಕು ಎಂದಿದ್ದ ಮನುಷ್ಯ. ಅವಳಿಗೆ ಸಿಟ್ಟಿಗಿಂತ ಹೆಚ್ಚಾಗಿ ಕೆಡುಕೆನಿಸಿತು.

“ಕೂತ್ಕೊಳ್ರಿ,” ಎಂದಳು. “ಹೇಳ್ರಿ.”

ಅವನು ಕೂರಲಿಲ್ಲ.

“ನ್ಯಾಮತಿನಾಗೆ, ನಮ್ಮ ಮನೆ ಹಿಂದೆ, ಹಳೇ ಅಕ್ಕಿ ಗಿರಣಿ ಶೆಡ್ಡಿನಾಗೆ ನಿಂತೈತೆ ಮೇಡಂ. ಟಾರ್ಪಾಲು ಮುಚ್ಚಿಟ್ಟೀನಿ. ಎಂಜಿನ್ನು ನಾನೇ ಕುಂತು ರೆಡಿ ಮಾಡಿದ್ದೆ. ಬೇರೆ ಕೆಲಸ ಏನಿತ್ತು ನನಗೆ?” ಲಾರಿಯ ಗಾಲಿಯ ಮೇಲೆ ಕೈಯಿಟ್ಟ. “ಗುರುವಾರ ರಾತ್ರಿ ಓಂಕಾರ ಲಾರಿ ಇಲ್ಲಿ ಬಿಟ್ಟು ನಮ್ಮ ಮನೆಗೆ ಬಂದು ಊಟಕ್ಕೆ ಕುಂತಾಗ ಮೂರನೇ ಗೇರು ಬೀಳ್ತಿಲ್ಲ ಮಾವ ಅಂದ. ಪಾಪ, ಸೋತು ಸುಣ್ಣ ಆಗಿದ್ದ. ನನಗೆ ಕೂಡ್ಲೇ ತಿಳೀತು, ಗವರ್ನರೇ ಅಂತ. ಅವನು ಏಳೋದ್ರೊಳಗೆ ಸರಿ ಮಾಡಿಬಿಡಾಣ ಅಂತ, ಬೆಳಕು ಹರಿಯೋ ಹೊತ್ತಿಗೆ ನನ್ನ ಲಾರಿದು ಬಿಚ್ಕೊಂಡು ಬೈಕಿನಾಗೆ ಇಲ್ಲಿಗೆ ಬಂದು ಹಾಕಿದೆ. ವಾಪಸ್ ಮನೆಗೆ ಹೋದ್ರೆ, ಪೊಲೀಸ್ನೋರು ಅವನ್ನ ಹಾಸಿಗೆಯಿಂದ ಎಬ್ಬಿಸಿ ಕರ್ಕೊಂಡು ಹೋಗಿದ್ರು.”

“ಒಳ್ಳೇದು ಮಾಡಾಕೆ ಹೋಗಿ ಅವನ ಸಾಕ್ಷಿನೇ ಬಿಚ್ಚಿ ತೆಗೆದ್ರಿ.”

“ಹೌದ್ರಿ. ಅವತ್ತಿಂದ ಅನ್ನ ಇಳೀವಲ್ದು.”

“ಹಂಗಿದ್ರೆ ಅವತ್ತೇ ಹೇಳ್ಬೇಕಿತ್ತು. ಅಳಿಯ ಬಿಡುಗಡೆ ಆಗ್ತಿದ್ದ.”

ಸಂಧ್ಯಾರಾಣಿ ಕಾದಳು. ಕಾಯುವುದು ಅವಳಿಗೆ ಬರುತ್ತಿತ್ತು.

“ಬಿಚ್ಚಾಕೆ ಅಂತ ಲಾರಿ ಕೆಳಗೆ ಹೋದ್ನಲ್ಲ,” ಎಂದ ಗುರುಸ್ವಾಮಿ, “ನನ್ನ ಲಾರಿ ಗಾಲಿಗೆ ಹಸಿ ಕೆಸರು ಮೆತ್ತಿತ್ತು ಮೇಡಂ. ನಾನು ಅದನ್ನ ಶೆಡ್ಡಿನಿಂದ ಹೊರಗೆ ತೆಗೆದೇ ಇರ್ಲಿಲ್ಲ.”

“ಗುರುವಾರ ಸಂಜೆ ಓಂಕಾರ ದಾರಿಯಾಗೆ ಇದ್ದ. ನೀವು?”

“ನಾನು ಶಿವಮೊಗ್ಗದಾಗೆ ಪಿಂಚಣಿ ಕೆಲಸಕ್ಕೆ ಹೋಗಿದ್ದೆ.”

“ಹಂಗಿದ್ರೆ ಆ ಲಾರಿ ಓಡಿಸಾಕೆ ಬರೋರು ಇನ್ಯಾರು ಅದಾರೆ?”

ಅವನು ಬಾಯಿ ತೆರೆದ. ಮಾತು ಹೊರಡುವ ಮೊದಲೇ ಅವನ ಕಣ್ಣು ಯಾರ್ಡಿನ ಗೇಟಿನ ಕಡೆ ಹೋಯಿತು, ಮುಖದ ಬಣ್ಣ ಇಳಿಯಿತು.

ಅನ್ನಪೂರ್ಣ ನಿಂತಿದ್ದಳು. ಗುರುಸ್ವಾಮಿಯ ಮಗಳು, ಓಂಕಾರನ ಹೆಂಡತಿ. ಅಪ್ಪನಿಗೆ ಊಟದ ಕ್ಯಾರಿಯರ್ ತಂದಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಕೊನೆಯ ಮಾತಂತೂ ಅವಳ ಕಿವಿಗೆ ಬಿದ್ದಿತ್ತು.

“ಸುಮ್ನಿರಪ್ಪಾ,” ಎಂದಳು. ನೇರವಾಗಿ ನಡೆದು ಬಂದು ಕ್ಯಾರಿಯರನ್ನು ನೆಲದ ಮೇಲಿಟ್ಟಳು. “ನಾನು ಹೇಳ್ತೀನಿ. ಮೇಡಂ, ಅಪ್ಪ ಆ ಲಾರಿ ರೆಡಿ ಮಾಡಿದ್ಮೇಲೆ ಶೆಡ್ಡಿನ ಅಂಗಳದಾಗೆ ನನಗೆ ಓಡಿಸಾಕೆ ಕಲಿಸಿದ್ರು. ಗುರುವಾರ ಅದನ್ನ ಹೊರಗೆ ತೆಗೆದೋಳು ನಾನೇ.”

“ಅವ್ವಾ!” ಎಂದ ಗುರುಸ್ವಾಮಿ.

“ಇರ್ಲಿ ಅಪ್ಪಾ. ನನ್ನ ಸಲುವಾಗಿ ಅವರು ಜೈಲಿನಾಗೆ ಕುಂತಿದ್ದು ಸಾಕು.”

ಸಂಧ್ಯಾರಾಣಿ ಎದ್ದು ಅವಳಿಗೆ ಸ್ಟೂಲು ಸರಿಸಿಕೊಟ್ಟಳು. ಅನ್ನಪೂರ್ಣ ಕೂರಲಿಲ್ಲ.

“ಆದ್ರೆ ಹಾಲೇಶಪ್ಪ ಕಾಕಾರಿಗೆ ನಾನು ಗುದ್ದಿಲ್ಲ. ಹೆಂಗೆ ಗುದ್ಲಿ? ಅವರು ನನ್ನ ಪಕ್ಕದ ಸೀಟಿನಾಗೇ ಕುಂತಿದ್ರು.”

ಮಹೇಶ್ವರಪ್ಪ ಕುರ್ಚಿಯಿಂದ ಅರ್ಧ ಎದ್ದರು.

“ಅವರೇ ಮನೆಗೆ ಬಂದ್ರು. ಒಂದು ಗಾಡಿ ಎಳೀಬೇಕು, ಯಾರ್ಡಿಗೆ ತಿಳೀಬಾರ್ದು, ಹಗ್ಗ ನಾನು ನೋಡ್ಕೊಳ್ತೀನಿ, ನಿನಗೆ ಓಡಿಸಾಕೆ ಬರ್ತತಲ್ಲ ಬಾ ಮಗಳೇ ಅಂದ್ರು. ಗೋವಿನಕೋವಿ ಹತ್ರ ಹೋಗಿ ನೋಡಿದ್ರೆ ಎಳೆಯಾಕೆ ಯಾವ ಗಾಡಿನೂ ಇರ್ಲಿಲ್ಲ. ಒಬ್ರು ಬೈಕ್ ನಿಲ್ಲಿಸ್ಕೊಂಡು ಕಾಯ್ತಿದ್ರು. ಕಾಕಾ ಇಳಿದು, ನೀನು ಹೋಗು, ನಾನು ಬರ್ತೀನಿ ಅಂದ್ರು. ನಾನು ರಸ್ತೆ ಮಗ್ಗಲಿನ ಕೆಸರಿನಾಗೇ ಲಾರಿ ತಿರುಗಿಸ್ಕೊಂಡು ಬಂದೆ. ಆಗ ಅವರು ನೆಟ್ಟಗೆ ನಿಂತು ಮಾತಾಡ್ತಿದ್ರು ಮೇಡಂ. ಚೆನ್ನಾಗೇ ಇದ್ರು.”

“ಬೈಕಿನಾಗೆ ಇದ್ದೋರು ಯಾರು ಅಂತ ಗೊತ್ತಾ?”

“ಗೊತ್ತು.”

“ಮತ್ತೆ ಇಷ್ಟು ದಿನ ಯಾಕೆ ಹೇಳ್ಲಿಲ್ಲಮ್ಮ?”

“ಶುಕ್ರವಾರ ಬೆಳಿಗ್ಗೆನೇ ಅವರು ಮನೆಗೆ ಬಂದು ಹೇಳಿ ಹೋದ್ರು. ಬಾಯಿ ಬಿಟ್ರೆ ಗುದ್ದಿದೋಳು ನೀನೇ ಅಂತ ನಾನೇ ಕಣ್ಣಾರೆ ಕಂಡಂಗೆ ಸಾಕ್ಷಿ ಹೇಳ್ತೀನಿ ಅಂದ್ರು.” ಅನ್ನಪೂರ್ಣ ಸೆರಗಿನಿಂದ ಮುಖ ಒರೆಸಿಕೊಂಡು ತಲೆಯೆತ್ತಿದಳು. “ಈಗ ಹೇಳ್ತೀನಿ. ಅವರ ಎದುರಿಗೇ ಹೇಳ್ತೀನಿ.”

ಅವಳು ನೋಡುತ್ತಿದ್ದುದು ಸಂಧ್ಯಾರಾಣಿಯನ್ನಲ್ಲ, ಮಹೇಶ್ವರಪ್ಪನವರನ್ನೂ ಅಲ್ಲ.

ಬೆಳಿಗ್ಗೆಯಿಂದ ಒಂದು ಗಳಿಗೆಯೂ ಬಿಡದೆ ಎಲ್ಲವನ್ನೂ ಹಿಡಿಯುತ್ತಿದ್ದ ಸತೀಶ್ ಕುಮಾರನ ಮೊಬೈಲು ನಿಧಾನವಾಗಿ ಕೆಳಗಿಳಿಯಿತು.